ಸಫಾರಿ ಜೀಪಿನಲ್ಲಿ ಅಲುಗದ ಫೋಟೊ ತೆಗೆಯುವುದು: ದಾವಣಗೆರೆ ಕಡೆಯವರಿಗೆ

ದಾವಣಗೆರೆ ಬಿಟ್ಟು ಚನ್ನಗಿರಿ, ಭದ್ರಾವತಿ ದಾಟಿದರೆ ಲಕ್ಕವಳ್ಳಿ. ನಾನು ಮೊದಲ ಸಲ ಭದ್ರಾ ಕಾಡಿನ ಸಫಾರಿಗೆ ಹೋಗಿದ್ದು ಅಲ್ಲಿಂದಲೇ. ಸಂಜೆ ಹೊತ್ತು. ಜೀಪಿನಿಂದ ಹತ್ತು ಮಾರು ದೂರದಲ್ಲಿ ಒಂದು ಕಾಟಿ, ಅಂದರೆ ಕಾಡುಕೋಣ, ತಲೆ ಎತ್ತಿ ನಿಂತಿತ್ತು, ಅದರ ಒದ್ದೆ ಮೂಗು ಮಿನುಗುವುದು ಬರಿಗಣ್ಣಿಗೇ ಕಾಣುತ್ತಿತ್ತು. ನಲವತ್ತು ಫೋಟೊ ತೆಗೆದೆ. ಮನೆಗೆ ಬಂದು ನೋಡಿದರೆ ಎಲ್ಲವೂ ಮಸುಕು. ತುಂಬಾ ಬೇಜಾರಾಯ್ತು. ಇಂಜಿನ್ ಗಡಗಡ ಅಂತಿತ್ತು, ಶಟರ್ ಸ್ಪೀಡ್, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು, 1/60 ಸೆಕೆಂಡಿನಲ್ಲಿತ್ತು.

ಅದಕ್ಕೇ ಮೊದಲು ಅಲುಗಾಟದ ಮಾತು. ಜೀಪಿನಲ್ಲಿ ಟ್ರೈಪಾಡ್ ಬಿಡಿಸೋಕೆ ಜಾಗ ಇರುವುದಿಲ್ಲ. ಅದರ ಬದಲು ಒಂದು ಚೀಲ ಮಾಡಿಕೊಳ್ಳಿ. ಹಳೇ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಒಂದು ಬಾಯಿ ಹೊಲಿದು, ಮೆಕ್ಕೆಜೋಳ ತುಂಬಿ, ಇನ್ನೊಂದು ಬಾಯಿಯನ್ನೂ ಹೊಲಿಯಿರಿ. ನಮ್ಮ ಕಡೆ ಮೆಕ್ಕೆಜೋಳಕ್ಕೇನು ಬರ ಇಲ್ಲ, ಅಲ್ವಾ? ಮುಕ್ಕಾಲು ಭಾಗ ತುಂಬಿದರೆ ಸಾಕು. ಗಿಡಿದು ತುಂಬಿದರೆ ಕಲ್ಲಿನ ಹಾಗಾಗುತ್ತದೆ, ಲೆನ್ಸ್ ಒಳಗೆ ಕೂರುವುದಿಲ್ಲ. ಜೀಪಿನ ಕಂಬಿ ಮೇಲೆ ಈ ಚೀಲ ಹಾಕಿ, ಅದರ ಮೇಲೆ ಲೆನ್ಸ್ ಒತ್ತಿ ಇಟ್ಟುಕೊಳ್ಳಿ. ಪ್ರಾಣಿ ಕಂಡ ಕೂಡಲೇ ಡ್ರೈವರಿಗೆ ಮೆಲ್ಲಗೆ "ಅಣ್ಣಾ, ಒಂದ್ನಿಮಿಷ ಇಂಜಿನ್ ಆಫ್ ಮಾಡ್ತೀರಾ" ಅಂತ ಕೇಳಿ.

ಇನ್ನು ಶಟರ್. ಸುಮ್ನೆ ನಿಂತ ಪ್ರಾಣಿಗೆ 1/500, ಓಡುವುದಕ್ಕೆ, ಹಾರುವ ಹಕ್ಕಿಗೆ 1/2000. ಐಎಸ್‌ಓ, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಸೆಟ್ಟಿಂಗ್, ಆಟೋದಲ್ಲಿ ಬಿಡಿ, 3200ಕ್ಕೆ ಹೋದರೂ ಹೆದರಬೇಡಿ. ಕಾಳು ಕಾಳಾದ ಫೋಟೊವನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿ ಮಾಡಬಹುದು, ಅಲುಗಿದ್ದನ್ನು ಸರಿ ಮಾಡೋಕಾಗಲ್ಲ. ಫೋಕಸ್ ಯಾವಾಗಲೂ ಕಣ್ಣಿಗೆ. ಮುಂದೆ ಹುಲ್ಲಿದ್ದರೆ ಕ್ಯಾಮೆರಾ ಹುಲ್ಲನ್ನೇ ಹಿಡಿಯುತ್ತದೆ, ಆಗ ಒಂದೇ ಫೋಕಸ್ ಪಾಯಿಂಟ್ ಇಟ್ಟುಕೊಂಡು ಕಣ್ಣಿನ ಮೇಲೆ ತನ್ನಿ.

ಕಪ್ಪು ಪ್ರಾಣಿಗಳ ವಿಷಯದಲ್ಲಿ ಜಾಸ್ತಿ ಜನ ಎಡವುವುದು ಬೆಳಕಿನಲ್ಲಿ. ಕಾಟಿಯೋ ಆನೆಯೋ ಫ್ರೇಮ್ ತುಂಬಾ ಬಂದರೆ ಕ್ಯಾಮೆರಾ ಅದನ್ನು ಬೂದು ಮಾಡಿಬಿಡುತ್ತದೆ. ಎಕ್ಸ್‌ಪೋಷರ್, ಅಂದರೆ ಫೋಟೊಗೆ ಬೀಳುವ ಬೆಳಕಿನ ಪ್ರಮಾಣ, ಅರ್ಧ ಸ್ಟಾಪ್ (ಅರ್ಧ ಹಂತ) ಮೈನಸ್‌ಗೆ ಇಳಿಸಿ. ಆದರೆ ದರೋಜಿ ಕರಡಿಧಾಮದಲ್ಲಿ ಇದು ಉಲ್ಟಾ. ಚಿತ್ರದುರ್ಗದಿಂದ ಹೊಸಪೇಟೆ ಕಡೆಗೆ ಹೋದರೆ ಸಿಗುವ ಜಾಗ ಅದು. ಅಲ್ಲಿ ಬಂಡೆಗೆ ಬೆಲ್ಲದ ಪಾಕ ಹಚ್ಚುತ್ತಾರೆ, ಅದನ್ನು ನೆಕ್ಕೋಕೆ ಕರಡಿ ಇಳಿದು ಬರುತ್ತದೆ. ಬಿಸಿಲಿಗೆ ಹೊಳೆಯುವ ದೊಡ್ಡ ಬಂಡೆ, ನಡುವೆ ಚಿಕ್ಕದಾಗಿ ಕರಡಿ. ಕ್ಯಾಮೆರಾ ಬಂಡೆಯನ್ನು ನೋಡಿ ಬೆಳಕು ಕಡಿಮೆ ಮಾಡುತ್ತದೆ, ಕರಡಿ ಬರೀ ಕರಿ ಮುದ್ದೆಯಾಗುತ್ತದೆ. ಪ್ಲಸ್ ಕೊಟ್ಟರೆ ಮೈಮೇಲಿನ ಕೂದಲು ಕಾಣುತ್ತದೆ. ಅಲ್ಲಿ ವೀಕ್ಷಣಾ ಗೋಪುರ ದೂರ, 400 ಎಂಎಂಗಿಂತ ಕಡಿಮೆ ಲೆನ್ಸ್ ಸಾಲುವುದಿಲ್ಲ. ಭದ್ರಾಗೆ 70-300 ಸಾಕು.

ಮೊಬೈಲ್ ಮಾತ್ರ ಇದ್ದರೆ ಜೂಮ್ ಮಾಡಬೇಡಿ. ಪ್ರಾಣಿ ಚಿಕ್ಕದಾಗಿರಲಿ, ಸುತ್ತಲಿನ ಕಾಡು ಬರಲಿ. ಫ್ಲಾಶ್ ಆಫ್. ಮಂಡಕ್ಕಿ ಪೊಟ್ಟಣ ಬ್ಯಾಗಿನಲ್ಲೇ ಇರಲಿ, ಆ ಪರಪರ ಸದ್ದಿಗೆ ಜಿಂಕೆ ಕಿವಿ ನಿಮಿರಿಸುತ್ತದೆ. ಧೂಳಿರುವ ದಾರಿಯಲ್ಲಿ ಲೆನ್ಸ್ ಬದಲಾಯಿಸೋಕೆ ಹೋಗಬೇಡಿ.

ಹೋಗುವ ಮುಂಚೆ ಒಂದು ವಾರ ಕೊಂಡಜ್ಜಿ ಕೆರೆಗೆ ಹೋಗಿ ಬೆಳ್ಳಕ್ಕಿ ತೆಗೆಯಿರಿ. ಬಟನ್ ಎಲ್ಲಿದೆ ಅಂತ ಬೆರಳಿಗೆ ಗೊತ್ತಾಗಬೇಕು, ಕಣ್ಣು ಪ್ರಾಣಿ ಮೇಲೇ ಇರಬೇಕು. ಕೃಷ್ಣಮೃಗಕ್ಕೆ ರಾಣೆಬೆನ್ನೂರು ಇದೆ, ಹೈವೇಯಲ್ಲಿ ಒಂದು ಗಂಟೆ ದಾರಿ.

ನನಗೆ ಎಲ್ಲಕ್ಕಿಂತ ಇಷ್ಟ ನಮ್ಮದೇ ಜಗಳೂರು ತಾಲ್ಲೂಕಿನ ಕೊಂಡುಕುರಿ. ಹೆಸರಲ್ಲಿ ಕುರಿ ಇದ್ದರೂ ಅದು ಪುಟ್ಟ ಹುಲ್ಲೆ. ಅದಕ್ಕಾಗಿಯೇ 2011ರಲ್ಲಿ ರಂಗಯ್ಯನದುರ್ಗ ವನ್ಯಜೀವಿಧಾಮ ಆಯಿತು. ಗಂಡಿಗೆ ನಾಲ್ಕು ಕೊಂಬು, ಎರಡು ಕಿವಿಗಳ ನಡುವೆ, ಎರಡು ಹಣೆ ಮೇಲೆ. ಹಣೆಯವು ಗಿಡ್ಡ, ಕೂದಲಲ್ಲಿ ಮುಚ್ಚಿಹೋಗುತ್ತವೆ. ಹೆಣ್ಣಿಗೆ ಕೊಂಬೇ ಇಲ್ಲ. ಭಾರತ, ನೇಪಾಳ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಈ ಪ್ರಾಣಿ ಇಲ್ಲ. ಒಂಟಿಯಾಗಿಯೋ ಜೋಡಿಯಾಗಿಯೋ ಇರುತ್ತದೆ, ಗುಂಪು ಹುಡುಕಬೇಡಿ. ಅರಣ್ಯ ಇಲಾಖೆಯ ಅನುಮತಿ ತಗೊಂಡೇ ಒಳಗೆ ಹೋಗಿ. ಗಾಬರಿಯಾದರೆ ಅದು ಮೊದಲು ಅಲ್ಲಾಡದೆ ನಿಲ್ಲುತ್ತದೆ. ನಿಮಗೆ ಸಿಗುವುದು ಆ ನಾಲ್ಕೈದು ಸೆಕೆಂಡು. ಕೊಂಬು ಕಾಣುವ ಹಾಗೆ ತಲೆ ತಿರುಗಿಸಿದಾಗ ಒತ್ತಿ. ಓಡಿದರೆ ಬಿಟ್ಟುಬಿಡಿ, ಹಿಂದೆ ಹೋಗಬೇಡಿ.