ಹಾಸಿಗೆಯ ದೃಶ್ಯಕ್ಕೆ ಮೊದಲು ಹೀಟರ್ ಬಂದ್ ಮಾಡಿ

ಕೆನಡಾದ ಒಂಟಾರಿಯೊ ಪ್ರಾಂತ್ಯದ ಸಡ್ಬರಿಯಲ್ಲಿ ಜನವರಿ, ಹೊರಗೆ ಮೈನಸ್ 24. ನಮ್ಮ ಚಿತ್ರದ ನಾಯಕಿ ಬರವಣಿಗೆ ಕೈಕೊಟ್ಟ ಕಾದಂಬರಿಕಾರ್ತಿ. ಹಾಸಿಗೆಯಲ್ಲಿ ಗೆಳೆಯನ ತೋಳಿನಲ್ಲಿರುವಾಗಲೇ ಅವಳಿಗೆ ಮುಂದಿನ ವಾಕ್ಯ ಹೊಳೆಯುತ್ತದೆ, ಪೆನ್ನಿಗಾಗಿ ತಡಕಾಡುತ್ತಾಳೆ. ಒಂದೂವರೆ ನಿಮಿಷದ ಈ ದೃಶ್ಯಕ್ಕೆ ಸಹಾಯಕ ನಿರ್ದೇಶಕಿಯಾಗಿ ನಾನು ಮೂರು ವಾರ ಓಡಾಡಿದ್ದೇನೆ. ನೀವೂ ಇಂಥದ್ದಕ್ಕೆ ಕೈ ಹಾಕುವುದಾದರೆ ಮೊದಲು ಬರಹದ ಕೆಲಸ ಮುಗಿಸಿ.

‘ಇಬ್ಬರೂ ಒಂದಾಗುತ್ತಾರೆ’ ಎಂದು ಚಿತ್ರಕಥೆಯಲ್ಲಿ ಬರೆದು ಕೈತೊಳೆದುಕೊಳ್ಳಬೇಡಿ. ಯಾರ ಕೈ ಎಲ್ಲಿ, ಹೊದಿಕೆ ಎಲ್ಲಿಯವರೆಗೆ, ಕ್ಯಾಮೆರಾಕ್ಕೆ ಕಾಣುವುದೆಷ್ಟು, ಎಲ್ಲವನ್ನೂ ಬರೆಯಿರಿ. ಕೆನಡಾದ ಕಲಾವಿದರ ಸಂಘವಾದ ಆಕ್ಟ್ರಾದ ಸದಸ್ಯರು ನಟಿಸುವುದಾದರೆ ನಗ್ನತೆಗೆ ಲಿಖಿತ ಒಪ್ಪಿಗೆ ಬೇಕೇ ಬೇಕು, ಸದಸ್ಯರಲ್ಲದವರಿಂದಲೂ ಪಡೆಯಿರಿ. ‘ಸೆಟ್ಟಿನಲ್ಲೇ ನೋಡಿಕೊಳ್ಳೋಣ’ ಎನ್ನುವ ನಿರ್ದೇಶಕರ ಮಾತಿಗೆ ಸೊಪ್ಪು ಹಾಕಬೇಡಿ. ಸಹಿ ಹಾಕಿದ ನಟಿ ಆ ದಿನ ಬೇಡ ಎನ್ನಬಹುದು; ಬರೀ ಭುಜ ಕಾಣುವ ಇನ್ನೊಂದು ಆವೃತ್ತಿ ನಿಮ್ಮ ಜೇಬಿನಲ್ಲಿರಲಿ.

ಇಂಥ ಆಪ್ತ ದೃಶ್ಯಗಳನ್ನು ಕಲಾವಿದರಿಗೆ ಮುಜುಗರವಾಗದಂತೆ ಸಂಯೋಜಿಸುವ ಇಂಟಿಮಸಿ ಕೋಆರ್ಡಿನೇಟರ್‌ಗೆ ದುಡ್ಡಿಲ್ಲ ಎಂದು ನಿರ್ಮಾಪಕರು ರಾಗ ಎಳೆಯುತ್ತಾರೆ. ಒಂಟಾರಿಯೊ ಸರ್ಕಾರ ಅರ್ಹ ಚಿತ್ರಗಳಿಗೆ ಪ್ರಾಂತ್ಯದ ಕಾರ್ಮಿಕ ವೆಚ್ಚದ ಮೇಲೆ ಶೇ 35ರಷ್ಟು ತೆರಿಗೆ ರಿಯಾಯಿತಿ ಕೊಡುತ್ತದೆ. ಚಿತ್ರೀಕರಣದ ಬಹುಪಾಲು ಟೊರೊಂಟೊ ವಲಯದ ಹೊರಗೆ ನಡೆದರೆ ಇನ್ನೂ ಶೇ 10. ಅದನ್ನು ನೆನಪಿಸಿ.

ತಾಲೀಮು ಮೈತುಂಬ ಬಟ್ಟೆಯಲ್ಲೇ ನಡೆಯಲಿ. ನಮ್ಮ ಕೋಆರ್ಡಿನೇಟರ್ ಮೈಗೆ ಮೈ ತಾಗದಿರಲೆಂದು ಅರ್ಧ ಗಾಳಿ ಬಿಟ್ಟ ಚಿಕ್ಕ ಚೆಂಡನ್ನು ಇಬ್ಬರ ನಡುವೆ ಇಟ್ಟಿದ್ದರು. ಅದು ಪಿಚಕ್ ಎಂದಾಗ ನಟ ನಕ್ಕ ನಗು ಚಿತ್ರದಲ್ಲಿ ಹಾಗೇ ಉಳಿದಿದೆ. ಹಾಸ್ಯ ಮೈಯಿಂದ ಹುಟ್ಟುವುದಿಲ್ಲ, ಕೈಗೆ ಸಿಗದ ಪೆನ್ನಿನಿಂದ ಹುಟ್ಟುತ್ತದೆ. ಹಾಗಾಗಿ ಪೆನ್ನು ಉರುಳುವ ದಾರಿಯನ್ನೂ ತಾಲೀಮು ಮಾಡಿ. ನಾವು ಮಂಚದ ಒಂದು ಕಾಲಿನ ಕೆಳಗೆ ರಟ್ಟು ಇಟ್ಟಿದ್ದೆವು.

ಚಿತ್ರೀಕರಣದ ಹೊತ್ತಿಗೆ ಕೋಣೆಯಲ್ಲಿ ಅನಿವಾರ್ಯ ಜನ ಮಾತ್ರ. ಮೊಬೈಲ್‌ಗಳು ಹೊರಗೆ, ಹೊರಗಿನ ಮಾನಿಟರ್‌ಗಳು ಬಂದ್. ಕಟ್ ಎಂದ ಕೂಡಲೇ ನಿಲುವಂಗಿ ಕೊಡಲು ಒಬ್ಬರು ಕೈಚಾಚಿ ನಿಂತಿರಬೇಕು.

ಇನ್ನು ಚಳಿ. ಧ್ವನಿ ಹಿಡಿಯುವವರಿಗೆ ಹೀಟರಿನ ಗುಂಯ್ ಆಗದು. ಮೊದಲೇ ಕೋಣೆಯನ್ನು ಬೆವರುವಷ್ಟು ಕಾಯಿಸಿ, ಶಾಟ್‌ಗೆ ಮುಂಚೆ ಆರಿಸಿ, ನಡುನಡುವೆ ಮತ್ತೆ ಹಾಕಿ. ನಾವು ಮರೆತೆವು, ಮೂರನೇ ಟೇಕಿಗೆ ನಾಯಕಿಯ ಹಲ್ಲು ಕಟಕಟ ಎನ್ನುತ್ತಿತ್ತು. ಫ್ರಿಜ್ ಕೂಡ ಸದ್ದು ಮಾಡುತ್ತದೆ. ಅದನ್ನು ಆರಿಸುವಾಗ ನಿಮ್ಮ ಕಾರಿನ ಕೀಯನ್ನು ಅದರೊಳಗೇ ಇಡಿ. ರಾತ್ರಿ ಹೊರಡುವಾಗ ಕೀ ತೆಗೆಯಲು ಬಾಗಿಲು ತೆರೆದವರು ಸ್ವಿಚ್ಚನ್ನೂ ಹಾಕಿಯೇ ಹೋಗುತ್ತಾರೆ.