ಮನಿ ಅಡ್ವಾನ್ಸ್ ವಾಪಸ್ ಬರಬೇಕಂದ್ರ ಸಾಮಾನು ಇಳಿಸೋಕಿಂತ ಮೊದ್ಲು ಇದನ್ನ ಮಾಡ್ರಿ

ನಮ್ಮ ರಾಯಚೂರಾಗ ಬಾಡಿಗಿ ಮನಿ ಬಿಡೋವಾಗ ಜಗಳ ಬರೋದು ಹೆಚ್ಚಾಗಿ ಗ್ವಾಡಿ ಬಣ್ಣಕ್ಕ, ಇಲ್ಲಾ ನಲ್ಲಿ-ಟೈಲ್ಸಿಗೆ. ಬೋರಿನ ನೀರು ಗಡಸು, ಎಷ್ಟು ತಿಕ್ಕಿದ್ರೂ ಬಿಳೀ ಕಲಿ ಕಟ್ಟತದ, ಬ್ಯಾಸಗ್ಯಾಗ ಕೂಲರ್ ಇಟ್ಟ ಕಿಟಕಿ ಕೆಳಗ ಬಣ್ಣ ಉಬ್ಬತದ, ಆಮ್ಯಾಲ ಓನರ್ "ನೀವೇ ಹಾಳು ಮಾಡಿರಿ" ಅಂತಾರ, ನಾವು "ಮೊದ್ಲೇ ಇತ್ತು" ಅಂತೀವಿ, ಇಬ್ಬರ ಹತ್ರನೂ ಸಾಕ್ಷಿ ಇರಂಗಿಲ್ಲ. ನಂದು 30 ಸಾವಿರ ಅಡ್ವಾನ್ಸ್‌ದಾಗ 9 ಸಾವಿರ ಹಿಂಗೇ ಹೋತು, ನಾ ಬರೋಕಿಂತ ಮೊದ್ಲೇ ಇದ್ದ ಕಲಿಗೆ.

ಅದಕ್ಕ ಕೀಲಿ ಕೈಗೆ ಬಂದ ದಿನಾನೇ, ಮನಿ ಖಾಲಿ ಇರೋವಾಗ್ಲೇ ವಿಡಿಯೋ ಮಾಡ್ರಿ. ಒಂದೊಂದು ಗ್ವಾಡಿ, ಬಚ್ಚಲದ ಮೂಲಿ, ಬಾಗಿಲ ಚಿಲಕ, ಫ್ಯಾನು ಎಷ್ಟವ, ನಲ್ಲಿ ಬಿಟ್ಟು ನೀರು ಎಲ್ಲಿ ಸೋರ್ತದ, ಕರೆಂಟ್ ಮೀಟರ್ ರೀಡಿಂಗ್ ಎಷ್ಟು, ಎಲ್ಲಾ ಬಾಯ್ಲೆ ಹೇಳ್ಕೋತ ತೆಗೀರಿ. ಆಮೇಲೆ ಅವತ್ತೇ ಓನರ್‌ಗೆ ವಾಟ್ಸಾಪ್ ಮಾಡಿ "ಮನಿ ಹಿಂಗದ ನೋಡ್ರಿ" ಅಂತ ಬರೀರಿ, ಅವರಿಂದ ಒಂದು "ಆಯ್ತು" ಬಂದ್ರ ಸಾಕು, ತಾರೀಖಿನ ಸಮೇತ ಉಳೀತದ. ಓನರ್‌ಗಳೂ ಇದನ್ನೇ ಮಾಡ್ರಿ, ಹೊಸ ಗೀಸರ್ ಹಾಕ್ಸಿದ್ರ ಅದು ಹೊಸದಿತ್ತು ಅಂತ ತೋರ್ಸಾಕ ನಿಮಗೂ ಬೇಕಲ್ಲ.

ರೊಕ್ಕ ಓನರ್ ಅಕೌಂಟಿಗೇ ಹಾಕ್ರಿ, ಬ್ರೋಕರ್ ಕೈಗೆ ಬ್ಯಾಡ. ಕ್ಯಾಶ್ ಕೊಟ್ರ ರಸೀದಿ ಬರ್ಸಿಕೊಳ್ರಿ.

ಕರಾರು ಪತ್ರ 11 ತಿಂಗಳಿಗೆ ಮಾಡೋದ್ಯಾಕಂದ್ರ ಒಂದು ವರ್ಷ ದಾಟಿದ್ರ ರಿಜಿಸ್ಟ್ರೇಶನ್ ಬೇಕಾಗ್ತದ. ಆದ್ರ ಅಂಗಡ್ಯಾಗಿನ ರೆಡಿಮೇಡ್ ಕರಾರಿನ್ಯಾಗ ಅಡ್ವಾನ್ಸ್ ಬಗ್ಗೆ ಒಂದೇ ಸಾಲು ಇರ್ತದ, ಅದು ಸಾಲಂಗಿಲ್ಲ. ಕೀಲಿ ಕೊಟ್ಟ ಎಷ್ಟು ದಿನದಾಗ ವಾಪಸ್, ಪೇಂಟಿಂಗಿಗೆ ಹಿಡಿಯೋದು ಎಷ್ಟು, ರಿಪೇರಿ ಹಿಡಿದ್ರ ಬಿಲ್ ತೋರಿಸ್ಬೇಕು ಅಂತ ಅಂಕಿ ಸಮೇತ ಬರ್ಸ್ರಿ. 1882ರ ಆಸ್ತಿ ವರ್ಗಾವಣೆ ಕಾಯ್ದೆ ಪ್ರಕಾರ, ಕರಾರಿನ್ಯಾಗ ಬ್ಯಾರೆ ಬರೀದಿದ್ರ, ಬಳಸಿ ಸಹಜವಾಗಿ ಸವೆದದ್ದಕ್ಕ ಬಾಡಿಗಿದಾರ ಜವಾಬ್ದಾರ ಅಲ್ಲ. ಕೆಲವ್ರು 2021ರ ಮಾದರಿ ಬಾಡಿಗಿ ಕಾಯ್ದೆ ಹಿಡ್ಕೊಂಡು "ಎರಡು ತಿಂಗಳ ಬಾಡಿಗಿಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳಂಗಿಲ್ಲ" ಅಂತ ವಾದ ಮಾಡ್ತಾರ, ಅದು ರಾಜ್ಯಗಳಿಗೆ ಕೇಂದ್ರ ಕೊಟ್ಟ ಮಾದರಿ ಅಷ್ಟೇ, ಅದನ್ನ ನಂಬಿ ಕೂಡಬ್ಯಾಡ್ರಿ, ನಿಮ್ಮ ಕರಾರು ಗಟ್ಟಿ ಮಾಡ್ಕೊಳ್ರಿ.

ಓನರ್‌ಗಳಿಗೆ ಒಂದು ಮಾತು ರೀ. ಅಡ್ವಾನ್ಸ್ ನಿಮ್ಮ ಗಳಿಕಿ ಅಲ್ಲ, ಅದು ಮಂದಿ ರೊಕ್ಕ, ಬ್ಯಾಂಕಿನ್ಯಾಗ ಬ್ಯಾರೆ ಇಡ್ರಿ. ಖರ್ಚು ಮಾಡಿ ಕುಂತು "ಹೊಸಬ್ರು ಬಂದ ಮ್ಯಾಲ ಕೊಡ್ತೀನಿ" ಅಂದ್ರ, ಆ ಮನಿಯವ್ರು ಮುಂದಿನ ಮನಿಗೆ ಎಲ್ಲಿಂದ ತರಬೇಕು? ಬಾಡಿಗಿದಾರರೂ ಕಡೀ ಎರಡು ತಿಂಗಳ ಬಾಡಿಗಿ "ಅಡ್ವಾನ್ಸ್‌ದಾಗ ಹಿಡ್ಕೊಳ್ರಿ" ಅಂತ ನಿಲ್ಲಿಸಬಾರ್ದು, ಕರೆಂಟ್ ಬಿಲ್ ಬಾಕಿ ಉಳಿದ್ರ ಅವ್ರು ಯಾವುದ್ರಾಗ ಹಿಡೀಬೇಕು.

ಬಿಡೋವಾಗ ಕರಾರಿನಾಗ ಇದ್ದಂಗ ಮೊದ್ಲೇ ಬರದು ತಿಳಿಸ್ರಿ, ಜೆಸ್ಕಾಂ ಕರೆಂಟ್ ಬಿಲ್ ಚುಕ್ತಾ ಮಾಡ್ರಿ, ಹಳೇ ವಿಡಿಯೋ ಹಚ್ಚಿ ಇಬ್ರೂ ಕೂಡಿ ಮನಿ ನೋಡ್ರಿ, ಲೆಕ್ಕ ಹಾಳ್ಯಾಗ ಬರದು ಸಹಿ ಆದ್ಮ್ಯಾಲೇ ಕೀಲಿ ಕೊಡ್ರಿ. ಆದ್ರೂ ಕೊಡ್ಲಿಲ್ಲ ಅಂದ್ರ ಸ್ಪೀಡ್ ಪೋಸ್ಟಿನ್ಯಾಗ ಪತ್ರ, ಆಮೇಲೆ ವಕೀಲರ ನೋಟಿಸ್, ಕಡಿಗೆ ಸಿವಿಲ್ ಕೋರ್ಟ್. ಅಲ್ಲಿ ರೊಕ್ಕ ವಸೂಲಿಗೆ 3 ವರ್ಷದೊಳಗ ದಾವೆ ಹಾಕ್ಬೇಕು, ಅಲ್ಲಿತನ ಆ ವಿಡಿಯೋ, ಚಾಟ್ ಡಿಲೀಟ್ ಮಾಡಬ್ಯಾಡ್ರಿ.