ಒಂದೇ ಡಿಸ್ಕ್, ಇಬ್ಬರ ಕೆಲಸ

ಮೈಸೂರಿನ ಅಶೋಕ ರಸ್ತೆಯ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ. ಮದುವೆ, ಗೃಹಪ್ರವೇಶದ ಪತ್ರಿಕೆಗಳೇ ಜಾಸ್ತಿ. ನನಗೆ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಅಭ್ಯಾಸ, ಹಾಗಾಗಿ ವಿಂಡೋಸ್ ಬೇಕು. ಇಂಜಿನಿಯರಿಂಗ್ ಓದುವ ಮಗಳಿಗೆ ಉಬುಂಟು ಬೇಕು, ಅದು ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ ಇನ್ನೊಂದು ಸಿಸ್ಟಮ್. ಸಂಜೆ ಅವಳೇ ಜಿಂಪ್‌ನಲ್ಲಿ ಫೋಟೊ ತಿದ್ದಿಕೊಡುತ್ತಾಳೆ. ಇರುವುದು ಒಂದೇ ಕಂಪ್ಯೂಟರ್. ಎರಡೂ ಸಿಸ್ಟಮ್ ಹಾಕಿ, ಅಂಗಡಿಯ ಫೈಲುಗಳಿಗೆ ಡಿಸ್ಕಿನಲ್ಲಿ 200 ಜಿಬಿಯ ಪಾರ್ಟಿಷನ್, ಅಂದರೆ ಪ್ರತ್ಯೇಕ ಭಾಗ, ಮಾಡಿದೆ.

ಆ ಪಾರ್ಟಿಷನ್ನಿಗೆ ಎರಡೂ ಸಿಸ್ಟಮ್ ಓದಿ ಬರೆಯಬಲ್ಲ ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಕ್ರಮ) ಬೇಕಿತ್ತು. ಉಬುಂಟುವಿನ ಇಎಕ್ಸ್‌ಟಿ4 ಅನ್ನು ವಿಂಡೋಸ್ ತಾನಾಗಿ ಓದುವುದಿಲ್ಲ. ಫ್ಯಾಟ್32ರಲ್ಲಿ 4 ಜಿಬಿಯಷ್ಟು ದೊಡ್ಡ ಫೈಲ್ ಹಿಡಿಯುವುದಿಲ್ಲ. ಎಕ್ಸ್‌ಫ್ಯಾಟ್ ಎರಡೂ ಕಡೆ ನಡೆಯುತ್ತದೆ, ಆದರೆ ಅದರಲ್ಲಿ ಜರ್ನಲ್, ಅಂದರೆ ಬದಲಾವಣೆಗಳನ್ನು ಮೊದಲೇ ಗುರುತು ಹಾಕಿಕೊಳ್ಳುವ ದಾಖಲೆ, ಇಲ್ಲ. ಬರೆಯುವಾಗಲೇ ಕರೆಂಟ್ ಹೋದರೆ? ಹಾಗಾಗಿ ಜರ್ನಲ್ ಇರುವ, ವಿಂಡೋಸ್‌ನದೇ ಆದ ಎನ್‌ಟಿಎಫ್‌ಎಸ್ ಆರಿಸಿದೆ.

ಎರಡನೇ ದಿನವೇ ಮಗಳು ಕರೆದಳು. "ಅಪ್ಪಾ, ಫೈಲ್ ತೆರೆಯುತ್ತೆ, ಸೇವ್ ಆಗ್ತಿಲ್ಲ." ಡಿಸ್ಕ್ ಹೋಯಿತೇನೋ ಎಂದು ಎದೆ ಧಸಕ್ಕೆಂದಿತು. ಡಿಸ್ಕ್ ಚೆನ್ನಾಗಿಯೇ ಇತ್ತು. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ಅದು ಪೂರ್ತಿ ಮುಚ್ಚುವುದಿಲ್ಲ. ಬೇಗ ಏಳಲೆಂದು ಸಿಸ್ಟಮ್‌ನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಪಾರ್ಟಿಷನ್ ಇನ್ನೂ ಅದರ ಕೈಯಲ್ಲೇ ಇರುತ್ತದೆ. ಅದಕ್ಕೇ ಉಬುಂಟು ಓದಲು ಮಾತ್ರ ಬಿಟ್ಟಿತು. ಬಲವಂತವಾಗಿ ಬರೆಯುವ ದಾರಿಯೂ ಇದೆ, ದಯವಿಟ್ಟು ಅದಕ್ಕೆ ಕೈ ಹಾಕಬೇಡಿ. ವಿಂಡೋಸ್ ಎದ್ದು ತನ್ನ ಹಳೆಯ ಲೆಕ್ಕದಲ್ಲೇ ಬರೆಯಲು ಹೋದರೆ ಫೈಲುಗಳು ಕೆಡುತ್ತವೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಬಟನ್ ಏನು ಮಾಡಬೇಕೆಂದು ಆರಿಸುವ ಕಡೆ, ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೆದೆ. ಮತ್ತೊಮ್ಮೆ ಪೂರ್ತಿ ಶಟ್‌ಡೌನ್ ಮಾಡಿ ಉಬುಂಟುವಿಗೆ ಹೋದೆವು. ಸೇವ್ ಆಯಿತು. ಈಗಲೂ ವಿಂಡೋಸ್‌ನಲ್ಲಿ ಹೈಬರ್ನೇಟ್ ಕೊಟ್ಟು ಎದ್ದು ಹೋಗುವುದಿಲ್ಲ, ಅದೂ ಇದೇ ತೊಂದರೆ.

ಏಳುವಾಗ ಯಾವ ಪಾರ್ಟಿಷನ್ ಜೋಡಿಸಿಕೊಳ್ಳಬೇಕೆಂದು ಉಬುಂಟುವಿಗೆ ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿಗೆ ಮಗಳು ಒಂದು ಸಾಲು ಸೇರಿಸಿದಳು. ಪಾರ್ಟಿಷನ್ನಿನ ಯುಯುಐಡಿ (ಅದಕ್ಕೆ ಮಾತ್ರ ಇರುವ ಗುರುತಿನ ಸಂಖ್ಯೆ) ಹಾಕಿದ್ದರಿಂದ ಇನ್ನೊಂದು ಡಿಸ್ಕ್ ಸಿಕ್ಕಿಸಿದರೂ ಗೊಂದಲವಿಲ್ಲ. ನೋಫೇಲ್ ಎಂದೂ ಸೇರಿಸಿದ್ದಾಳೆ, ಪಾರ್ಟಿಷನ್ ಸಿಗದಿದ್ದರೂ ಉಬುಂಟು ಏಳುತ್ತದೆ.

ಇನ್ನೊಂದು ಪೇಚು ಮುಹೂರ್ತದಿಂದ ಬಂತು. ಅವಳು ಒಂದು ಪತ್ರಿಕೆಯ ಫೈಲಿಗೆ '10:30' ಎಂದು ಹೆಸರಿಟ್ಟಳು. ಉಬುಂಟು ಒಪ್ಪಿತು, ವಿಂಡೋಸ್‌ನಲ್ಲಿ ತೆರೆಯಲೇ ಇಲ್ಲ. ಅಲ್ಲಿ ಹೆಸರಿನೊಳಗೆ ಆ ಎರಡು ಚುಕ್ಕಿ ಬರುವಂತಿಲ್ಲ. ಉಬುಂಟುವಿಗೆ ಹೋಗಿ ಹೆಸರು ಬದಲಿಸಿದ ಮೇಲೆ ತೆರೆಯಿತು. ಎಫ್‌ಎಸ್‌ಟ್ಯಾಬ್‌ನ ಅದೇ ಸಾಲಿಗೆ 'ವಿಂಡೋಸ್_ನೇಮ್ಸ್' ಸೇರಿಸಿದೆವು. ಈಗ ಅಂಥ ಹೆಸರು ಕೊಟ್ಟರೆ ಉಬುಂಟುವೇ ಬೇಡ ಎನ್ನುತ್ತದೆ. ನಾವು '10-30' ಎಂದು ಬರೆಯುತ್ತೇವೆ.